ಪೋಲರಾಯ್ಡ್ ಫಿಲ್ಮ್ ಈಗಲೂ ಸಿಗುತ್ತಾ?

ಓದುಗರ ಪ್ರಶ್ನೆ, ಸ್ಟುಡಿಯೋದವರ ಉತ್ತರ

ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಬರೆಯುತ್ತಾ, ಈಗಲೂ ಕೆಲವರು ಪೋಲರಾಯ್ಡ್‌ನಲ್ಲೇ ಫೋಟೋ ತೆಗೆಯುತ್ತಾರೆ ಅಂತ ಒಂದು ಸಾಲು ಸೇರಿಸಿದ್ದೆ. ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ! ಹಾಗಾಗಿ ಈ ಸಲ ಲೆನ್ಸ್ ಫಂಗಸ್ಸು, ಫ್ಲ್ಯಾಶ್ ರಿಪೇರಿ ಎಲ್ಲವನ್ನೂ ಪಕ್ಕಕ್ಕಿಟ್ಟು ಬರೀ ಇನ್‌ಸ್ಟಂಟ್ ಫೋಟೋ ವಿಷಯ, ಅಂದರೆ ಕ್ಲಿಕ್ಕಿಸಿದ ಕೂಡಲೇ ಕ್ಯಾಮೆರಾದಿಂದ ಹೊರಗೆ ಬಂದು ತಾನೇ ಮೂಡುವ ಫೋಟೋ. ಹೊಸ ಓದುಗರಿಗೆ ಪರಿಚಯ: ನಾನು ಮಂಗಳೂರಿನ ಹಂಪನಕಟ್ಟೆಯಲ್ಲಿ ಸ್ಟುಡಿಯೋ ನಡೆಸಿದವನು. ಈಗ ಅಂಗಡಿ ಇಲ್ಲ. ಹಳೇ ಕ್ಯಾಮೆರಾ ಬಿಚ್ಚಿ ಕೂಡಿಸುವ ಚಟ ಮಾತ್ರ ಉಳಿದಿದೆ.

ಅಮೆರಿಕದಲ್ಲಿದ್ದ ನಮ್ಮ ಚಿಕ್ಕಪ್ಪ ತಂದ ಪೋಲರಾಯ್ಡ್ ಕ್ಯಾಮೆರಾ ಅಟ್ಟದಲ್ಲಿ ಸಿಕ್ಕಿತು. ಮೇಲೆ 600 ಅಂತ ಬರೆದಿದೆ. ಬಟನ್ ಒತ್ತಿದರೆ ಸದ್ದೇ ಇಲ್ಲ. ಕೆಟ್ಟಿದೆಯಾ? ಫಿಲ್ಮ್ ಎಲ್ಲಾದರೂ ಸಿಗುತ್ತಾ?
– ಎಸ್. ಕೆ., ಶಿವಮೊಗ್ಗ

ಕೆಟ್ಟಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಈ ಕ್ಯಾಮೆರಾಕ್ಕೆ ತನ್ನದೇ ಬ್ಯಾಟರಿ ಇಲ್ಲ. ಬ್ಯಾಟರಿ ಇರುವುದು ಫಿಲ್ಮ್ ಪ್ಯಾಕಿನ ತಳದಲ್ಲಿ, ಚಪ್ಪಟೆಯಾಗಿ, 6 ವೋಲ್ಟಿನದು. ಒಳಗೆ ಚಿಕ್ಕಪ್ಪನ ಕಾಲದ ಪ್ಯಾಕ್ ಇದ್ದರೆ ಅದು ಯಾವತ್ತೋ ಸತ್ತಿರುತ್ತದೆ. ಕ್ಯಾಮೆರಾ ಸದ್ದು ಮಾಡುವುದಾದರೂ ಹೇಗೆ?

ಫಿಲ್ಮ್ ಸಿಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇವತ್ತಿಗೂ ತಯಾರಾಗುತ್ತಿದೆ. ಆದರೆ ಡಬ್ಬಿ ಮೇಲೆ ಏನು ಬರೆದಿದೆ ನೋಡಿ ತಗೊಳ್ಳಿ. ನಿಮಗೆ ಬೇಕಾದ್ದು 600 ಅಂತ ಬರೆದದ್ದು. ಪಕ್ಕದಲ್ಲೇ ಐ-ಟೈಪ್ ಅಂತ ಇನ್ನೊಂದು ಇರುತ್ತದೆ, ರೇಟು ಸ್ವಲ್ಪ ಕಡಿಮೆ. ಆಸೆಪಟ್ಟು ಅದನ್ನು ತಂದರೆ ಕ್ಯಾಮೆರಾದೊಳಗೆ ಸಲೀಸಾಗಿ ಕೂರುತ್ತದೆ, ಆದರೆ ಅದರಲ್ಲಿ ಬ್ಯಾಟರಿ ಇಲ್ಲ. ಅದು ಚಾರ್ಜ್ ಮಾಡುವ ಹೊಸ ಕ್ಯಾಮೆರಾಗಳಿಗೆ. ಇನ್ನು ಎಸ್‌ಎಕ್ಸ್-70 ಅಂತ ಬರೆದ ಫಿಲ್ಮೂ ಬೇಡ. 600 ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಅನ್ನುವ ಅಳತೆ, ಐಎಸ್‌ಓ 640ರ ಹತ್ತಿರ, ಎಸ್‌ಎಕ್ಸ್-70ರದ್ದು 160ರ ಆಸುಪಾಸು. ನಿಮ್ಮ ಕ್ಯಾಮೆರಾದಲ್ಲಿ ಅದನ್ನು ಹಾಕಿದರೆ ಫೋಟೋ ಕಪ್ಪಾಗಿ ಬರುತ್ತದೆ.

ಹೊಸ ಪ್ಯಾಕ್ ಹಾಕುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಬಾಗಿಲು ತೆರೆದರೆ ಎರಡು ಸ್ಟೀಲ್ ರೋಲರ್ ಕಾಣುತ್ತವೆ. ಅವುಗಳ ಮೇಲೆ ಹಳೇ ಕೆಮಿಕಲ್ ಒಣಗಿ ಹಕ್ಕಳೆ ಕಟ್ಟಿರುತ್ತದೆ. ಒದ್ದೆ ಬಟ್ಟೆಯಲ್ಲಿ ರೋಲರ್ ತಿರುಗಿಸುತ್ತಾ ಒರೆಸಿ. ಇದನ್ನು ಬಿಟ್ಟರೆ ಪ್ರತಿ ಫೋಟೋದಲ್ಲೂ ಒಂದೇ ಅಂತರಕ್ಕೆ ಚುಕ್ಕಿ ಬರುತ್ತದೆ. ಆಮೇಲೆ ಪ್ಯಾಕ್ ಒಳಗೆ ತಳ್ಳಿ ಬಾಗಿಲು ಮುಚ್ಚಿ. 'ಝೂಂ' ಅಂತ ಸದ್ದಾಗಿ ಕಪ್ಪು ರಟ್ಟು ಹೊರಗೆ ಬಂತೋ, ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿ.

ಒಂದು ಪ್ಯಾಕಿಗೆ ಎಂಟೇ ಫೋಟೋ. ಮೊದಲು ಹತ್ತಿರುತ್ತಿತ್ತು. ಈಗಿನ ಫಿಲ್ಮ್ ಸ್ವಲ್ಪ ದಪ್ಪ, ಅದಕ್ಕೆ ಎಂಟೇ ಹಿಡಿಯುತ್ತವೆ. ಒಂದೊಂದು ಕ್ಲಿಕ್ಕಿಗೂ ಎರಡು ಡಾಲರ್‌ಗಿಂತ ಜಾಸ್ತಿಯೇ ಬೀಳುತ್ತದೆ. ಲೆಕ್ಕ ಹಾಕಿಕೊಂಡೇ ಇಳಿಯಿರಿ.

ಪೋಲರಾಯ್ಡ್ ಫೋಟೋ ಹೊರಗೆ ಬಂದ ಕೂಡಲೇ ಗಾಳಿಯಲ್ಲಿ ಆಡಿಸಬೇಕು ಅಂತಾರಲ್ಲ, ಅದರಿಂದ ಬೇಗ ಮೂಡುತ್ತಾ?
– ಕಾಲೇಜು ಹುಡುಗಿ, ಹುಬ್ಬಳ್ಳಿ

ಮೂಡಲ್ಲ. ಸುಮ್ನೆ ಕೈ ನೋವು.

ಆಡಿಸುವ ಅಭ್ಯಾಸ ಬಂದದ್ದು ಹಳೇ ಕಾಲದ ಸುಲಿಯುವ ಫಿಲ್ಮಿನಿಂದ. ಅದರಲ್ಲಿ ಪ್ರಿಂಟ್ ಒದ್ದೆಯಾಗಿ ಈಚೆ ಬರುತ್ತಿತ್ತು, ಒಣಗಿಸಬೇಕಿತ್ತು. ಈಗ ನೀವು ನೋಡುವ, ಕೆಳಗೆ ಅಗಲ ಬಿಳಿ ಪಟ್ಟಿ ಇರುವ ಫೋಟೋ 1972ರಲ್ಲಿ ಎಸ್‌ಎಕ್ಸ್-70 ಕ್ಯಾಮೆರಾ ಜೊತೆ ಬಂತು. ಅದರಲ್ಲಿ ಎಲ್ಲ ಕೆಲಸವೂ ಪ್ಲಾಸ್ಟಿಕ್ಕಿನ ಒಳಗೇ ಮುಗಿಯುತ್ತದೆ. ಗಾಳಿ ಒಳಗೆ ಹೋಗುವುದೇ ಇಲ್ಲ. ಜೋರಾಗಿ ಆಡಿಸಿದರೆ ಒಳಗಿನ ಪದರ ಬಿಟ್ಟುಕೊಳ್ಳಬಹುದು ಅಷ್ಟೆ.

ಆ ಬಿಳಿ ಪಟ್ಟಿ ಏಕೆ ಅಗಲ ಅಂತ ಗೊತ್ತಾ? ಅದರ ಹಿಂದೆ ಒಂದು ಸಣ್ಣ ಚೀಲ ಇದೆ. ಅದರಲ್ಲಿ ಕೆಮಿಕಲ್ ಪೇಸ್ಟ್. ಫೋಟೋ ರೋಲರ್‌ಗಳ ನಡುವೆ ಹಾಯುವಾಗ ಚೀಲ ಒಡೆದು, ಕಾವಲಿ ಮೇಲೆ ದೋಸೆ ಹಿಟ್ಟು ಎಳೆದ ಹಾಗೆ ಪೇಸ್ಟ್ ಇಡೀ ಚಿತ್ರದ ಮೇಲೆ ತೆಳ್ಳಗೆ ಹರಡುತ್ತದೆ. ಆ ಪೇಸ್ಟಿನಲ್ಲಿ ಕ್ಷಾರ ಇದೆ, ಟೈಟಾನಿಯಂ ಡಯಾಕ್ಸೈಡ್ ಅನ್ನುವ ಬಿಳಿ ಪುಡಿ ಇದೆ, ಜೊತೆಗೆ ಕ್ಷಾರ ಇರುವವರೆಗೂ ಗಾಢವಾಗಿರುವ ಒಂದು ಬಣ್ಣ ಇದೆ. ಆ ಬಣ್ಣವೇ ಪರದೆ. ಹಗಲು ಬೆಳಕಲ್ಲಿ ಫೋಟೋ ಈಚೆ ಬಂದರೂ ಕೆಳಗಿನ ಪದರಗಳಿಗೆ ಬೆಳಕು ತಾಗದಂತೆ ಅದು ಕಾಯುತ್ತದೆ. ಅದರ ಅಡಿಯಲ್ಲಿ ನೀಲಿ, ಕೆನ್ನೇರಳೆ, ಹಳದಿ ಬಣ್ಣಗಳು ತಮ್ಮ ತಮ್ಮ ಪದರದಿಂದ ಹೊರಟು ಮೇಲಕ್ಕೆ ಬರುತ್ತವೆ. ಎಲ್ಲಿ ಬೆಳಕು ಬಿದ್ದಿತ್ತೋ ಅಲ್ಲಿ ಬಣ್ಣ ಸಿಕ್ಕಿಬೀಳುತ್ತದೆ, ಬೀಳದ ಕಡೆ ಮೇಲೇರುತ್ತದೆ. ಕೊನೆಗೆ ಒಂದು ಆಮ್ಲದ ಪದರ ಕ್ಷಾರವನ್ನು ತಣಿಸುತ್ತದೆ, ಪರದೆಯ ಬಣ್ಣ ಮಾಯವಾಗುತ್ತದೆ, ಚಿತ್ರ ಕಾಣುತ್ತದೆ. ಕಾಗದದ ಹಾಳೆಯಷ್ಟು ಜಾಗದಲ್ಲಿ ಇಡೀ ಡಾರ್ಕ್‌ರೂಮ್! ನಾನು ದಿನವಿಡೀ ಕೆಂಪು ಬಲ್ಬಿನ ಕೆಳಗೆ ನಿಂತು ಮಾಡಿದ ಕೆಲಸ ಅದು. ಹೊಟ್ಟೆಕಿಚ್ಚು ಆಗದೇ ಇರುತ್ತಾ?

ಈ ಪರದೆ ವಿಷಯ ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರದಲ್ಲಿ ಬೇಕಾಗುತ್ತದೆ.

ಪೋಲರಾಯ್ಡ್ ಕಂಪನಿ ಮುಚ್ಚಿಹೋಗಿತ್ತು, ಯಾರೋ ನಾಲ್ಕು ಜನ ಹುಚ್ಚರು ಸೇರಿ ಫ್ಯಾಕ್ಟರಿ ಕೊಂಡು ಮತ್ತೆ ಶುರು ಮಾಡಿದರು ಅಂತ ಗೆಳೆಯ ಹೇಳುತ್ತಾನೆ. ನಿಜವಾ, ಬುರುಡೆಯಾ?
– ಎಂ. ಜಿ., ತುಮಕೂರು

ಬಹುಪಾಲು ನಿಜ. ಹುಚ್ಚರ ಸಂಖ್ಯೆ ಸ್ವಲ್ಪ ಜಾಸ್ತಿ.

2001ರಲ್ಲೇ ಪೋಲರಾಯ್ಡ್ ದಿವಾಳಿಯಾಗಿ ಕೈ ಬದಲಾಗಿತ್ತು. 2008ರ ಫೆಬ್ರವರಿಯಲ್ಲಿ ಇನ್‌ಸ್ಟಂಟ್ ಫಿಲ್ಮ್ ತಯಾರಿಕೆ ನಿಲ್ಲಿಸುತ್ತೇವೆ ಅಂತ ಘೋಷಿಸಿದರು. ಕೊನೆಗೆ ಉಳಿದಿದ್ದ ಒಂದು ಫ್ಯಾಕ್ಟರಿ ನೆದರ್‌ಲ್ಯಾಂಡ್ಸ್‌ನ ಎನ್ಸ್‌ಖೆಡೆ ಊರಿನಲ್ಲಿತ್ತು, ಜರ್ಮನಿ ಗಡಿಯ ಹತ್ತಿರ. ಆ ವರ್ಷ ಜೂನ್‌ನಲ್ಲಿ ಅದಕ್ಕೂ ಬೀಗ. ಬೀಳ್ಕೊಡುಗೆಯ ಕಾರ್ಯಕ್ರಮಕ್ಕೆ ವಿಯೆನ್ನಾದಿಂದ ಫ್ಲೋರಿಯಾನ್ ಕಾಪ್ಸ್ ಅನ್ನುವವರು ಬಂದಿದ್ದರು. ಓದಿದ್ದು ಜೀವಶಾಸ್ತ್ರ, ಸಂಶೋಧನೆ ಮಾಡಿದ್ದು ಜೇಡಗಳ ಮೇಲೆ, ತಲೆಗೆ ಹತ್ತಿದ್ದು ಪೋಲರಾಯ್ಡ್. ಅಲ್ಲಿ ಅವರಿಗೆ ಸಿಕ್ಕಿದವರು ಆಂದ್ರೇ ಬೋಸ್ಮನ್, ಅದೇ ಫ್ಯಾಕ್ಟರಿಯ ಎಂಜಿನಿಯರ್. ಯಂತ್ರಗಳು ಗುಜರಿಗೆ ಹೋಗುವುದರಲ್ಲಿದ್ದವು. ಇಬ್ಬರೂ ಮಾತಾಡಿಕೊಂಡರು. ದುಡ್ಡು ಹೊಂದಿಸಿ 31 ಲಕ್ಷ ಡಾಲರಿಗೆ ಯಂತ್ರಗಳನ್ನು ಕೊಂಡರು, ಕಟ್ಟಡವನ್ನು ಬಾಡಿಗೆಗೆ ಹಿಡಿದರು. ಅಲ್ಲಿ ಹಿಂದೆ ಕೆಲಸ ಮಾಡಿದ ಸುಮಾರು ಹತ್ತು ಜನರನ್ನು ವಾಪಸ್ ಕರೆದರು. ಹೆಸರು ಇಟ್ಟಿದ್ದು ಇಂಪಾಸಿಬಲ್ ಪ್ರಾಜೆಕ್ಟ್.

ನಿಮ್ಮ ಗೆಳೆಯನ ಕಥೆ ಇಲ್ಲಿಗೆ ಮುಗಿಯುತ್ತದೆ ಅಂತ ಕಾಣುತ್ತದೆ. ನಿಜವಾದ ಫಜೀತಿ ಶುರುವಾದದ್ದು ಇಲ್ಲಿಂದಲೇ. ಯಂತ್ರ ಸಿಕ್ಕಿತು, ಸಾಮಾನು ಇರಲಿಲ್ಲ! ನೆಗೆಟಿವ್ ಪದರ ಅಮೆರಿಕದಿಂದ ಬರುತ್ತಿತ್ತು, ಅಲ್ಲಿ ನಿಂತುಹೋಗಿತ್ತು. ಹಲವು ಕೆಮಿಕಲ್‌ಗಳನ್ನು ಮಾಡುವವರೇ ಇರಲಿಲ್ಲ. ಹಳೇ ಫಿಲ್ಮನ್ನು ಹಾಗೆಯೇ ಮತ್ತೆ ಮಾಡುವ ದಾರಿ ಇಲ್ಲವಾದ್ದರಿಂದ ಹೊಸ ಫಿಲ್ಮನ್ನೇ ಕಂಡುಹಿಡಿಯಬೇಕಾಯಿತು. ಹಿಂದೆ ಆಗ್ಫಾ ಫಿಲ್ಮ್ ಕಂಪನಿಯಲ್ಲಿದ್ದ ಎಂಜಿನಿಯರ್‌ಗಳು ಜರ್ಮನಿಯಲ್ಲಿ ಕಟ್ಟಿದ ಇನೋವಿಸ್‌ಕೋಟ್ ಕಂಪನಿ ನೆಗೆಟಿವ್ ಮಾಡಿಕೊಟ್ಟಿತು.

2010ರ ಮಾರ್ಚ್‌ನಲ್ಲಿ ಮೊದಲ ಫಿಲ್ಮ್ ಬಂತು. ಕಪ್ಪು-ಬಿಳುಪು ಅಂತ ಹೆಸರು, ನೋಡಲು ಕಂದು. ಮೇಲೆ ಹೇಳಿದ ಪರದೆ ಬಣ್ಣ ಇದೆಯಲ್ಲ, ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಫೋಟೋ ಈಚೆ ಬಂದ ಕ್ಷಣವೇ ಬೆಳಕು ತಾಗಿ ಹಾಳಾಗುತ್ತಿತ್ತು. ಜನ ಏನು ಮಾಡಿದರು ಗೊತ್ತಾ? ಖಾಲಿ ಫಿಲ್ಮ್ ಡಬ್ಬಿಯ ರಟ್ಟು ಕತ್ತರಿಸಿ ಕ್ಯಾಮೆರಾದ ಬಾಯಿಗೆ ಟೇಪ್ ಹಚ್ಚಿ ಅಂಟಿಸಿದರು. ಫೋಟೋ ಅದರ ಅಡಿಯಲ್ಲೇ ಜಾರಿ ಬರಬೇಕು, ಕೂಡಲೇ ಮಗುಚಿ ಹಾಕಬೇಕು ಇಲ್ಲವೇ ಜೇಬಿಗೆ ಸೇರಿಸಬೇಕು. ಆಮೇಲೆ ಕಂಪನಿಯೇ ಸುರುಳಿ ಬಿಚ್ಚಿಕೊಳ್ಳುವ ಒಂದು ಕಪ್ಪು ಪಟ್ಟಿ ಮಾಡಿತು. ಅದಕ್ಕೆ ಬಿದ್ದ ಹೆಸರು ಕಪ್ಪೆ ನಾಲಿಗೆ. ಬಣ್ಣದ ಫಿಲ್ಮ್ ಅದೇ ವರ್ಷ ಬಂದರೂ ಪೂರ್ತಿ ಮೂಡಲು ಅರ್ಧ ಗಂಟೆಗೂ ಮೇಲೆ ಬೇಕಿತ್ತು. ಒಳಗೆ ತೇವ ಉಳಿದರೆ ಕೆಲವು ತಿಂಗಳಲ್ಲಿ ಚಿತ್ರದ ಮೇಲೆ ಹರಳು ಕಟ್ಟಿಕೊಂಡು ಹಬ್ಬುತ್ತಿತ್ತು. ಮಂಗಳೂರಿನ ಮಳೆಗಾಲದಲ್ಲಿ ಅದರ ಗತಿ ಏನಾಗಿರುತ್ತಿತ್ತೋ ದೇವರೇ ಬಲ್ಲ.

ಅಂಥ ಫಿಲ್ಮನ್ನು ಯಾರು ಕೊಳ್ಳುತ್ತಾರೆ ಮಾರಾಯ್ರೇ? ಕೊಂಡರು! ದುಡ್ಡು ಕೊಟ್ಟು, ಅರ್ಧ ಪ್ಯಾಕ್ ಹಾಳಾದರೂ ಇನ್ನೊಂದು ಪ್ಯಾಕ್ ತರಿಸಿದರು. ಎಷ್ಟು ಬಿಸಿಲಿಗೆ ಎಷ್ಟು ಬೆಳಕು ಕೊಡಬೇಕು, ಚಳಿಯಲ್ಲಿ ಫೋಟೋವನ್ನು ಕೋಟಿನ ಒಳಗಿಟ್ಟು ಬೆಚ್ಚಗೆ ಮಾಡುವುದು ಹೇಗೆ ಅಂತ ಒಬ್ಬರಿಗೊಬ್ಬರು ಹೇಳಿಕೊಟ್ಟರು. ಕಾಪ್ಸ್ ಮತ್ತು ಬೋಸ್ಮನ್ ಹೆಸರು ಎಲ್ಲರೂ ಹೇಳುತ್ತಾರೆ. ನನ್ನ ಕೇಳಿದರೆ, ಕೆಟ್ಟ ಫಿಲ್ಮಿಗೆ ವರ್ಷಗಟ್ಟಲೆ ಪೂರ್ತಿ ಬೆಲೆ ಕೊಟ್ಟ ಆ ಗಿರಾಕಿಗಳದ್ದೇ ದೊಡ್ಡ ಪಾಲು. ನಾನೂ ಅಂಗಡಿ ಇಟ್ಟವನು, ಅಂಥ ಗಿರಾಕಿ ಒಬ್ಬನೂ ನನಗೆ ಸಿಕ್ಕಿರಲಿಲ್ಲ.

ಮುಂದಿನದ್ದು ಬೇಗ ಹೇಳುತ್ತೇನೆ. ಪೋಲೆಂಡಿನ ಸ್ಮೊಲೊಕೊವ್ಸ್ಕಿ ಕುಟುಂಬ ಬಂಡವಾಳ ಹಾಕಿತು. ಮಗ ಆಸ್ಕರ್ 2014ರಲ್ಲಿ ಕಂಪನಿಯ ಮುಖ್ಯಸ್ಥನಾದ. 2017ರಲ್ಲಿ ಆ ಕುಟುಂಬ ಪೋಲರಾಯ್ಡ್ ಹೆಸರನ್ನೇ ಕೊಂಡುಕೊಂಡಿತು. ಮೊದಲು ಪೋಲರಾಯ್ಡ್ ಒರಿಜಿನಲ್ಸ್, 2020ರಿಂದ ಬರೀ ಪೋಲರಾಯ್ಡ್. ಗುಜರಿಯಿಂದ ಯಂತ್ರ ಉಳಿಸಿಕೊಂಡ ಕಂಪನಿಗೇ ಕೊನೆಗೆ ಮನೆಯ ಬೋರ್ಡೂ ಸೇರಿತು.

ನಮ್ಮ ತಂದೆಯವರ ಸ್ಟುಡಿಯೋದಲ್ಲಿ ನಾಲ್ಕು ಲೆನ್ಸಿನ ಪಾಸ್‌ಪೋರ್ಟ್ ಕ್ಯಾಮೆರಾ ಇದೆ, ಒಳ್ಳೆ ಕಂಡಿಷನ್‌ನಲ್ಲಿದೆ. ಅದಕ್ಕೆ ಫ್ಯೂಜಿಯ ಸುಲಿಯುವ ಫಿಲ್ಮ್ ಎಫ್‌ಪಿ-100ಸಿ ಬೇಕು. ಇದನ್ನೂ ಆ ಡಚ್ಚರು ಮಾಡುತ್ತಾರಾ?
– ಪಿ. ಶೆಟ್ಟಿ, ಉಡುಪಿ

ಇಲ್ಲ. ಹೇಳುವುದಕ್ಕೆ ನನಗೇ ಬೇಜಾರು.

ಆ ಕ್ಯಾಮೆರಾ ನನ್ನ ಅನ್ನದ ತಟ್ಟೆ ಆಗಿತ್ತು. ದುಬೈ, ಮಸ್ಕತ್, ಕುವೈತ್‌ಗೆ ಹೊರಟವರು ಏಜೆಂಟನ ಆಫೀಸಿನಿಂದ ಓಡಿ ಬರುತ್ತಿದ್ದರು. ಅರ್ಜೆಂಟ್ ಫೋಟೋ, ಹತ್ತು ನಿಮಿಷ. ಒಂದೇ ಕ್ಲಿಕ್ಕಿಗೆ ಒಂದು ಹಾಳೆಯಲ್ಲಿ ನಾಲ್ಕು ಮುಖ. ಮೊದಲು ಬಿಳಿ ಪಟ್ಟಿ ಎಳೆಯಬೇಕು. ಆಮೇಲೆ ಹಳದಿ ಪಟ್ಟಿ ಹಿಡಿದು ನೆಟ್ಟಗೆ, ಒಂದೇ ವೇಗದಲ್ಲಿ, ನಡುವೆ ನಿಲ್ಲಿಸದೆ ಎಳೆಯಬೇಕು. ಕೈ ನಡುಗಿದರೆ ಕೆಮಿಕಲ್ ಒಂದೇ ಸಮ ಹರಡುವುದಿಲ್ಲ, ಒಂದು ಮುಖದ ಗಲ್ಲದ ಮೇಲೆ ಬಿಳಿ ಮಚ್ಚೆ. ಒಂದೂವರೆ ಎರಡು ನಿಮಿಷ ಕಾದು, ಮೂಲೆಯಿಂದ ಹಿಡಿದು ಸುಲಿದರೆ ಒಂದು ಕಡೆ ಹೊಳೆಯುವ ಪ್ರಿಂಟು, ಇನ್ನೊಂದು ಕಡೆ ಅಂಟಂಟು ಕಪ್ಪು ನೆಗೆಟಿವ್. ಅದನ್ನು ಮಡಚಿ ಬುಟ್ಟಿಗೆ. ಬೆರಳಿಗೆ ತಾಗಿದರೆ ಚುರುಚುರು. ಗಿರಾಕಿ ಟೇಬಲ್ ಮೇಲೆ ಬಗ್ಗಿ ನೋಡುತ್ತಾ ನಿಂತಿರುತ್ತಿದ್ದ. ತನ್ನ ಮುಖ ಸುಲಿದು ಬರುವುದನ್ನು ಕಂಡು ನಗದವರು ಯಾರೂ ಇರಲಿಲ್ಲ.

ಬುಟ್ಟಿಗೆ ಹಾಕುತ್ತಿದ್ದ ಆ ನೆಗೆಟಿವ್‌ನ ಹಿಂಬದಿಯ ಕಪ್ಪನ್ನು ಬ್ಲೀಚಿನಿಂದ ಉಜ್ಜಿ ತೆಗೆದರೆ ಸ್ಕ್ಯಾನ್ ಮಾಡಬಹುದಾದ ಚೊಕ್ಕ ಕಲರ್ ನೆಗೆಟಿವ್ ಸಿಗುತ್ತದೆ ಅಂತ ಹವ್ಯಾಸಿಗಳು ಕಂಡುಕೊಂಡರು. ಕಾಸಿಗಾಗಿ ಫೋಟೋ ತೆಗೆಯುವ ನಮಗೆ ಅದೆಲ್ಲಿ ಹೊಳೆಯಬೇಕು?

ಈ ಬಗೆಯ ಫಿಲ್ಮನ್ನು ಪೋಲರಾಯ್ಡ್ 2008ರಲ್ಲೇ ಬಿಟ್ಟಿತು. ಫ್ಯೂಜಿ ಮುಂದುವರಿಸಿತ್ತು. ಕಪ್ಪು-ಬಿಳುಪಿನ ಎಫ್‌ಪಿ-3000ಬಿ 2013ರಲ್ಲಿ, ನಿಮ್ಮ ಎಫ್‌ಪಿ-100ಸಿ 2016ರಲ್ಲಿ ನಿಂತವು. ಕಾಪ್ಸ್ ಇದನ್ನೂ ಉಳಿಸಲು ಜಪಾನಿಗೆ ಹೋಗಿ ಫ್ಯೂಜಿ ಜೊತೆ ಮಾತಾಡಿದರು. ಪ್ರಯೋಜನವಾಗಲಿಲ್ಲ. ಎನ್ಸ್‌ಖೆಡೆಯಲ್ಲಿ ಯಂತ್ರ ಸಿಕ್ಕಿತ್ತು, ಅದನ್ನು ನಡೆಸುವ ಜನ ಅದೇ ಊರಿನಲ್ಲಿದ್ದರು. ಇಲ್ಲಿ ಪ್ರೀತಿ ಇತ್ತು, ಯಂತ್ರ ಕೈಗೆ ಸಿಗಲಿಲ್ಲ. ಆಮೇಲೆ ಕಾಪ್ಸ್ ವಿಯೆನ್ನಾದ ತಮ್ಮ ಅಂಗಡಿ ಸೂಪರ್‌ಸೆನ್ಸ್‌ನಲ್ಲಿ ಒನ್ ಇನ್‌ಸ್ಟಂಟ್ ಅನ್ನುವ ಸುಲಿಯುವ ಫಿಲ್ಮನ್ನು ಶುರು ಮಾಡಿದರು. ಕೈಯಲ್ಲಿ ಜೋಡಿಸಿದ ಕಾಗದದ ಪ್ಯಾಕ್, ಒಂದು ಪ್ಯಾಕಿಗೆ ಒಂದೇ ಫೋಟೋ. ಅಮೆರಿಕದಲ್ಲಿ ಬಾಬ್ ಕ್ರೌಲಿ ಅನ್ನುವವರು 2014ರಲ್ಲಿ ಜನರಿಂದ ದುಡ್ಡು ಎತ್ತಿ, ದೊಡ್ಡ ಕ್ಯಾಮೆರಾಗಳಿಗೆ ನ್ಯೂ55 ಅನ್ನುವ ಸುಲಿಯುವ ಫಿಲ್ಮ್ ಮಾಡಿದರು. 2017ರ ಕೊನೆಗೆ ಅದೂ ನಿಂತಿತು. ಪ್ರಿಂಟು ನೆಗೆಟಿವ್ ಎರಡೂ ಕೊಡುವ ಫಿಲ್ಮ್ ಅದು, ಕೈಕೆಲಸ ಜಾಸ್ತಿ, ಖರ್ಚೂ ಜಾಸ್ತಿ.

ಅವಧಿ ಮುಗಿದ ಎಫ್‌ಪಿ-100ಸಿ ಪ್ಯಾಕ್‌ಗಳು ಮಾರಾಟಕ್ಕಿರುತ್ತವೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಒಳಗಿನ ಕೆಮಿಕಲ್ ಒಣಗಿರುವ ಸಾಧ್ಯತೆಯೂ ಇದೆ. ನೆನಪಿಗೆ ಒಂದು ಪ್ಯಾಕ್ ಅಂದರೆ ಸರಿ. ಬಿಸಿನೆಸ್ಸಿಗೆ ಅಂದರೆ ಖಂಡಿತ ಬೇಡ. ಕ್ಯಾಮೆರಾ ಮಾತ್ರ ಗುಜರಿಗೆ ಹಾಕಬೇಡಿ.

ಊಟಿಯ 'ಇಂದು' ಫಿಲ್ಮ್ ಫ್ಯಾಕ್ಟರಿಯನ್ನೂ ಹೀಗೆ ಉಳಿಸಬಹುದಿತ್ತಲ್ಲವೇ?
– ನಿವೃತ್ತ ಶಿಕ್ಷಕರು, ಗುಂಡ್ಲುಪೇಟೆ

ಸರ್, 'ಇಂದು' ಫಿಲ್ಮಿನ ರೋಲ್ ನಾನೂ ಎಷ್ಟು ತೊಳೆದಿದ್ದೇನೋ. ಅದನ್ನು ಮಾಡುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಕಂಪನಿ. ಕಪ್ಪು-ಬಿಳುಪು ಫಿಲ್ಮು, ಎಕ್ಸ್‌ರೇ ಫಿಲ್ಮು ಅದರ ಕಸುಬು. ಇನ್‌ಸ್ಟಂಟ್ ಫಿಲ್ಮ್ ಅಲ್ಲಿ ತಯಾರಾಗುತ್ತಿರಲಿಲ್ಲ.

ಆದರೆ ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಮುಟ್ಟಿದೆ. ಎನ್ಸ್‌ಖೆಡೆಯವರು ಯಂತ್ರ ಇನ್ನೂ ಬೆಚ್ಚಗಿರುವಾಗಲೇ, ಕೆಲಸಗಾರರು ಬೇರೆ ಬೇರೆ ಕಡೆ ಚದುರುವ ಮೊದಲೇ ಹಿಡಿದರು. ಹತ್ತು ಜನರಿಗೆ ಸಂಬಳ ಕೊಟ್ಟು ಶುರು ಮಾಡುವಷ್ಟು ಸಣ್ಣದಾಗಿ ಯೋಚಿಸಿದರು. ಊಟಿಯದ್ದು ದೊಡ್ಡ ಸರ್ಕಾರಿ ಕಾರ್ಖಾನೆ, ಸಾಲದ ಹೊರೆ, ವರ್ಷಗಟ್ಟಲೆ ಎಳೆದಾಟ. ಹವ್ಯಾಸಿಗಳು ಚಂದಾ ಎತ್ತಿ ಕೊಳ್ಳುವ ಗಾತ್ರದ್ದಲ್ಲ ಅದು. ಹೊಟ್ಟೆ ಉರಿಯುತ್ತದೆ, ನಿಜ.

ಕಲಬುರಗಿಯಲ್ಲಿ ಏಪ್ರಿಲ್‌ನಲ್ಲಿ ತೆಗೆದ ಪೋಲರಾಯ್ಡ್ ಎಲ್ಲ ಹಳದಿ ಹಳದಿ ಬರುತ್ತಿದೆ. ಫಿಲ್ಮ್ ಡುಪ್ಲಿಕೇಟಾ?
– ಆರ್. ಎಚ್., ಕಲಬುರಗಿ

ಫಿಲ್ಮ್ ಅಸಲಿಯೇ. ಬಿಸಿಲೂ ಅಸಲಿ, ಅದೇ ತೊಂದರೆ. ಈ ಫಿಲ್ಮ್ ಸರಿಯಾಗಿ ಮೂಡುವುದು 13ರಿಂದ 28 ಡಿಗ್ರಿ ಒಳಗೆ. ಮೇಲೆ ಹೋದರೆ ಹಳದಿ, ಕೆಂಪು ತಿರುಗುತ್ತದೆ. ಚಳಿಯಾದರೆ ನೀಲಿ, ಮಂಕು. ನಿಮ್ಮೂರಲ್ಲಿ ಏಪ್ರಿಲ್‌ನಲ್ಲಿ 28 ಡಿಗ್ರಿ ಅಂದರೆ ಬೆಳಗಿನ ಜಾವ ಇರಬೇಕು!

ಪ್ಯಾಕ್‌ಗಳನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಮಲಗಿಸಿ ಇಡಿ, ಮೇಲೆ ಮೊಸರಿನ ಪಾತ್ರೆ ಹೇರಬೇಡಿ. ಒತ್ತಡ ಬಿದ್ದರೆ ಕೆಮಿಕಲ್ ಚೀಲಕ್ಕೆ ಪೆಟ್ಟು. ಬಳಸುವ ಒಂದೆರಡು ಗಂಟೆ ಮೊದಲು ತೆಗೆದು ಹೊರಗಿಡಿ. ಫೋಟೋ ತೆಗೆದ ಮೇಲೆ ಕೂಲರ್ ಇರುವ ಕೋಣೆಗೆ ಒಯ್ದು, ಮಗುಚಿ ಹಾಕಿ ಮೂಡಲು ಬಿಡಿ. ಹತ್ತು ಹದಿನೈದು ನಿಮಿಷ. ಕ್ಯಾಮೆರಾವನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋದರೆ ನಾನೇನೂ ಮಾಡುವ ಹಾಗಿಲ್ಲ. ಪ್ಯಾಕಿನ ಮೇಲಿನ ತಯಾರಿಕೆಯ ತಾರೀಕು ನೋಡಿ, ಒಂದು ವರ್ಷದೊಳಗೆ ಮುಗಿಸಿ. ವಿಮಾನದಲ್ಲಿ ತರಿಸುವವರು ಲಗೇಜಿಗೆ ಹಾಕದೆ ಕೈಚೀಲದಲ್ಲಿಟ್ಟು, ಎಕ್ಸ್‌ರೇ ಬೇಡ, ಕೈಯಲ್ಲೇ ನೋಡಿ ಅಂತ ಕೇಳಿಕೊಳ್ಳಿ.

ಫೋನಿನಲ್ಲಿ ಒಂದು ಫಿಲ್ಟರ್ ಹಾಕಿದರೆ ಇದೇ ಥರ ಬಿಳಿ ಚೌಕಟ್ಟು, ಮಾಸಿದ ಬಣ್ಣ ಎಲ್ಲ ಬರುತ್ತೆ. ಯಾಕೆ ಸುಮ್ಮನೆ ದುಡ್ಡು ಹಾಳು ಮಾಡ್ತೀರಿ?
– ವಿ., ಬೆಂಗಳೂರು

ನೀವು ಹೇಳಿದ್ದು ಸರಿ. ಹಾಳು ಮಾಡಬೇಡಿ.

ತಂಗಿಯ ಮದುವೆಯಲ್ಲಿ ಬಂದವರ ಫೋಟೋ ತೆಗೆದು, ಪುಸ್ತಕದಲ್ಲಿ ಅಂಟಿಸಿ ಪಕ್ಕದಲ್ಲಿ ಹಾರೈಕೆ ಬರೆಸಬೇಕು ಅಂತಿದ್ದೀನಿ. ಪೋಲರಾಯ್ಡ್ ತಗೊಳ್ಳಲೋ ಇನ್‌ಸ್ಟಾಕ್ಸ್ ತಗೊಳ್ಳಲೋ?
– ಅಣ್ಣ, ಹಾಸನ

ಇನ್‌ಸ್ಟಾಕ್ಸ್. ಯೋಚನೆಯೇ ಬೇಡ. ಪೋಲರಾಯ್ಡ್ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಮದುವೆ ಮನೆಯಲ್ಲಿ ಅದರ ಜೊತೆ ಹೆಣಗಾಡಬೇಡಿ. ಫ್ಯೂಜಿಯ ಇನ್‌ಸ್ಟಾಕ್ಸ್ ಮಿನಿ ಪ್ಯಾಕಿಗೆ ಹತ್ತು ಫೋಟೋ, ಬೆಲೆ ಎಷ್ಟೋ ಕಡಿಮೆ, ಬಣ್ಣ ಪ್ರತಿಸಲ ಒಂದೇ ಥರ, ನಮ್ಮ ಸೆಕೆಯನ್ನೂ ತಡೆದುಕೊಳ್ಳುತ್ತದೆ. ಚಿತ್ರ ಮಾತ್ರ ಚಿಕ್ಕದು, 62 ಗುಣಿಸು 46 ಮಿಲಿಮೀಟರ್. ಅತ್ತೆ, ಮಾವ, ನಾಲ್ಕು ಮಕ್ಕಳು ಎಲ್ಲ ಒಟ್ಟಿಗೆ ನಿಲ್ಲುವ ಮನೆ ನಿಮ್ಮದಾದರೆ ವೈಡ್ ತಗೊಳ್ಳಿ, ಅದರ ಅಗಲ 99 ಮಿಲಿಮೀಟರ್.

ತಮಾಷೆ ನೋಡಿ. ಸುಲಿಯುವ ಫಿಲ್ಮಿಗೆ ಬೀಗ ಹಾಕಿದ ಅದೇ ಫ್ಯೂಜಿ ಇವತ್ತು ಇನ್‌ಸ್ಟಂಟ್ ಫೋಟೋದ ದೊಡ್ಡ ಸಾಹುಕಾರ. 1998ರಲ್ಲಿ ಇನ್‌ಸ್ಟಾಕ್ಸ್ ಶುರುವಾಯಿತು. ಡಿಜಿಟಲ್ ಬಂದ ಮೇಲೆ 2004ರ ಹೊತ್ತಿಗೆ ವರ್ಷಕ್ಕೆ ಒಂದು ಲಕ್ಷ ಕ್ಯಾಮೆರಾಕ್ಕೆ ಕುಸಿದಿತ್ತು. 2018ರ ಹಣಕಾಸು ವರ್ಷದಲ್ಲಿ ಒಂದು ಕೋಟಿ. ನಡುವೆ ನಿಲ್ಲಿಸಿಬಿಡುವ ಎಲ್ಲ ಕಾರಣವೂ ಅವರಿಗಿತ್ತು. ಯಂತ್ರ ಬಿಚ್ಚಲಿಲ್ಲ, ಇವತ್ತು ದುಡಿಯುತ್ತಿದ್ದಾರೆ.

ಅಂದಹಾಗೆ, ಫೋಟೋ ತೆಗೆಯುವ ಕೆಲಸವನ್ನು ಹತ್ತು ವರ್ಷದ ಯಾವುದಾದರೂ ಚುರುಕು ಹುಡುಗಿಗೆ ವಹಿಸಿ. ದೊಡ್ಡವರು ಊಟದ ಪಂಕ್ತಿ ಶುರುವಾದ ಕೂಡಲೇ ಕ್ಯಾಮೆರಾ ಮರೆಯುತ್ತಾರೆ.

ಮಗನ ಮನೆಗೆ ಅಂತ ಬಾಸ್ಟನ್‌ಗೆ ಬಂದಿದ್ದೇನೆ. ಪೋಲರಾಯ್ಡ್ ಹುಟ್ಟಿದ್ದು ಇಲ್ಲೇ ಅಂತ ಮಗ ಹೇಳಿದ. ನೋಡುವಂಥದ್ದು ಏನಾದರೂ ಇದೆಯೇ?
– ಸದ್ಯಕ್ಕೆ ಬಾಸ್ಟನ್, ಮೂಲ ಸಾಗರ

ಇದೆ ಅಮ್ಮ. ನದಿ ದಾಟಿ ಕೇಂಬ್ರಿಜ್‌ಗೆ ಹೋಗಿ. ಎಡ್ವಿನ್ ಲ್ಯಾಂಡ್ 1937ರಲ್ಲಿ ಕಟ್ಟಿದ ಕಂಪನಿಯ ಊರು ಅದು. 1943ರಲ್ಲಿ ಸಾಂಟಾ ಫೆಯಲ್ಲಿ ರಜೆ ಕಳೆಯುವಾಗ ಮೂರು ವರ್ಷದ ಮಗಳು ಜೆನಿಫರ್, ತೆಗೆದ ಫೋಟೋ ಈಗಲೇ ಯಾಕೆ ಕಾಣೋದಿಲ್ಲ ಅಂತ ಕೇಳಿದಳಂತೆ. ಲ್ಯಾಂಡ್ ಅವರೇ ಹೇಳಿಕೊಂಡ ಕಥೆ. ಮೊದಲ ಕ್ಯಾಮೆರಾ ಮಾರಾಟವಾದದ್ದು ನೀವಿರುವ ಊರಲ್ಲೇ, 1948ರ ನವೆಂಬರ್ 26ರಂದು, ಜೋರ್ಡನ್ ಮಾರ್ಷ್ ಅಂಗಡಿಯಲ್ಲಿ. ಬೆಲೆ 89 ಡಾಲರ್ 75 ಸೆಂಟ್. ಇಟ್ಟ ಸರಕೆಲ್ಲ ಒಂದೇ ದಿನಕ್ಕೆ ಖಾಲಿ.

ಕಂಪನಿಯ ಕಾಗದಪತ್ರಗಳು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಬೇಕರ್ ಲೈಬ್ರರಿಯಲ್ಲಿವೆ. ಎಂಐಟಿ ಮ್ಯೂಸಿಯಂಗೂ ಒಂದಿಷ್ಟು ಕ್ಯಾಮೆರಾ, ಸಾಮಾನು ಬಂದಿವೆ. ಏನೇನು ಹೊರಗಿಟ್ಟಿದ್ದಾರೆ ಅಂತ ಮಗನಿಗೆ ಮೊದಲೇ ವಿಚಾರಿಸಲು ಹೇಳಿ. ಎಲ್ಸಾ ಡಾರ್ಫ್‌ಮನ್ ಅನ್ನುವ ಫೋಟೋಗ್ರಾಫರ್ ಕೂಡ ಅದೇ ಊರಿನವರು, 2020ರಲ್ಲಿ ತೀರಿಕೊಂಡರು. 20 ಗುಣಿಸು 24 ಇಂಚಿನ ಪೋಲರಾಯ್ಡ್ ತೆಗೆಯುವ ಕ್ಯಾಮೆರಾ ಅವರ ಸ್ಟುಡಿಯೋದಲ್ಲಿತ್ತು. ನೂರು ಕಿಲೋಗೂ ಭಾರ! ಆ ಅಳತೆಯ ಫಿಲ್ಮ್ ನಿಂತಾಗ, ಅಂಥದೇ ಕ್ಯಾಮೆರಾದ ಸ್ಟುಡಿಯೋ ನಡೆಸುತ್ತಿದ್ದ ಜಾನ್ ರಾಯ್ಟರ್ ಮತ್ತು ಜೊತೆಯವರು ಉಳಿದ ದಾಸ್ತಾನನ್ನು ಕಾಪಾಡಿಕೊಂಡು ವರ್ಷಗಟ್ಟಲೆ ನಡೆಸಿದರು.

ಇನ್ನೊಂದು ಮಾತು, ಪಾಸ್‌ಪೋರ್ಟ್ ಫೋಟೋದವನಾಗಿ ನಾನು ಹೇಳಲೇಬೇಕು. ಈ ಬೇಗ ಬೇಗ ಫೋಟೋ ತೆಗೆಯುವ ವ್ಯವಸ್ಥೆ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರ ಪಾಸ್‌ಬುಕ್ಕಿಗೆ ಬಳಕೆಯಾಗುತ್ತಿತ್ತು. ಆ ಪಾಸ್ ಇಲ್ಲದೆ ಅವರು ತಮ್ಮದೇ ದೇಶದಲ್ಲಿ ಓಡಾಡುವ ಹಾಗಿರಲಿಲ್ಲ. 1970ರಲ್ಲಿ ಇದು ಗೊತ್ತಾಗಿ ಪೋಲರಾಯ್ಡ್‌ನದ್ದೇ ಇಬ್ಬರು ಕಪ್ಪು ಕೆಲಸಗಾರರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್, ಕೇಂಬ್ರಿಜ್‌ನಲ್ಲೇ ಕಂಪನಿಯ ಎದುರು ನಿಂತರು. 1977ರಲ್ಲಿ ಪೋಲರಾಯ್ಡ್ ಆ ದೇಶ ಬಿಟ್ಟಿತು. ಕ್ಯಾಮೆರಾ ನೋಡಿ ಖುಷಿಪಡುವಾಗ ಇದನ್ನೂ ಮಗನಿಗೆ ಹೇಳಿ.

ಹಾಳಾದ ಪೋಲರಾಯ್ಡ್‌ನಿಂದ ಚಿತ್ರದ ಪದರ ಬಿಡಿಸಿ ಕಾಗದಕ್ಕೆ ಅಂಟಿಸುತ್ತಾರಂತೆ. ಮನೆಯಲ್ಲಿ ಮಾಡಬಹುದಾ?
– ಚಿತ್ರಕಲಾ ವಿದ್ಯಾರ್ಥಿ, ಧಾರವಾಡ

ಮಾಡಬಹುದು. ಪೋಲರಾಯ್ಡ್ ಬಣ್ಣದ ಫೋಟೋ ಬೇಕು, ಹೊಸದಾದಷ್ಟೂ ಒಳ್ಳೆಯದು. ಬಿಳಿ ಚೌಕಟ್ಟನ್ನು ಕತ್ತರಿಸಿ ತೆಗೆಯಿರಿ. ಮುಂದಿನ ಪಾರದರ್ಶಕ ಹಾಳೆಯನ್ನು ಹಿಂದಿನ ಕಪ್ಪು ಹಾಳೆಯಿಂದ ಮೆಲ್ಲಗೆ ಬಿಡಿಸಿ. ಚಿತ್ರ ಪಾರದರ್ಶಕ ಹಾಳೆಗೆ ಅಂಟಿಕೊಂಡಿರುತ್ತದೆ. ಅದನ್ನು ಉಗುರು ಬಿಸಿಗಿಂತ ಕೊಂಚ ಜಾಸ್ತಿ ಬಿಸಿ ಇರುವ ನೀರಿನ ತಟ್ಟೆಗೆ ಹಾಕಿ. ಸ್ವಲ್ಪ ಹೊತ್ತಿಗೆ ಅಂಚು ಎದ್ದುಕೊಳ್ಳುತ್ತದೆ. ಮೆತ್ತಗಿನ ಬ್ರಶ್ಶಿನಿಂದ ಸುತ್ತ ಸವರಿದರೆ ಚಿತ್ರದ ಪದರ ಪೂರ್ತಿ ಬಿಟ್ಟುಕೊಂಡು ನೀರಲ್ಲಿ ತೇಲುತ್ತದೆ. ಹಿಂಬದಿಗೆ ಹತ್ತಿದ ಬಿಳಿ ಪುಡಿಯನ್ನು ಬ್ರಶ್ಶಿನಲ್ಲೇ ತೊಳೆಯಿರಿ. ಇನ್ನೊಂದು ತಟ್ಟೆ ತಣ್ಣೀರಿಗೆ ಸಾಗಿಸಿ, ಅಡಿಯಲ್ಲಿ ಜಲವರ್ಣದ ದಪ್ಪ ಕಾಗದ ತೂರಿಸಿ, ಒಂದು ಅಂಚು ಹಿಡಿದು ನಿಧಾನ ಮೇಲೆತ್ತಿ. ಸುಕ್ಕು ಬರುತ್ತದೆ, ಅದೇ ಚೆಂದ. ಮಡಿಕೆ ಬೇಡವಾದರೆ ಮತ್ತೆ ನೀರಿಗಿಳಿಸಿ ಬಿಡಿಸಬಹುದು. ಒಣಗಿದ ಮೇಲೆ ಆಗಲ್ಲ.

ಕೈಗೆ ಗ್ಲೌಸ್ ಇರಲಿ, ಆ ಪೇಸ್ಟ್ ಕ್ಷಾರ ಅಂತ ಮೇಲೆ ಹೇಳಿದ್ದೇನೆ. ಅಡುಗೆಮನೆ ತಟ್ಟೆ ಬೇಡ, ಬೇರೆ ತಟ್ಟೆ ತಗೊಳ್ಳಿ. ಇನ್‌ಸ್ಟಾಕ್ಸ್‌ನಲ್ಲಿ ಇದನ್ನು ಪ್ರಯತ್ನಿಸಿ ಫೋಟೋ ಕೆಡಿಸಿಕೊಳ್ಳಬೇಡಿ, ಅದರ ಪದರಗಳ ಜೋಡಣೆಯೇ ಬೇರೆ.